ಕೇಳಿದರೆ ಕಳಚುವ ಬೀಗ

ರೋಗಕ್ಕೆ ಮದ್ದು ಸಿಗುವವರೆಗೆ ರೋಗಿಯನ್ನೇ ಮಲಗಿಸಿ ಇಟ್ಟರೆ ಹೇಗೆ? ಈ ಪ್ರಶ್ನೆಯನ್ನು ಮೊದಲು ಕೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಉತ್ತರ ಮಾತ್ರ ಇಳಕಲ್ಲಿನ ಆಚೆ, ಕೆಂಪು ಗ್ರಾನೈಟ್ ಕಡಿದು ಕಡಿದು ಬರಿದಾದ ಒಂದು ಕ್ವಾರಿಯ ಹೊಟ್ಟೆಯಲ್ಲಿತ್ತು. ಕಲ್ಲಿನ ದೂಳು ಕುಡಿದು ಪುಪ್ಪುಸ ಗಟ್ಟಿಯಾದವರನ್ನು ಅಲ್ಲಿ ಉದ್ದುದ್ದನೆಯ ಪೆಟ್ಟಿಗೆಗಳಲ್ಲಿ ತಣ್ಣಗೆ ಮಲಗಿಸಿದ್ದರು. ಮಲಗಿದವರಲ್ಲಿ ಅನೇಕರು ಅದೇ ಕ್ವಾರಿಯಲ್ಲಿ ದುಡಿದವರು. ತಾವೇ ಕಡಿದ ಗುಂಡಿಗೆ ತಾವೇ ಬಂದು ಮಲಗಿದ್ದರು. ಸರಕಾರಿ ಕಾಗದದಲ್ಲಿ ಅದರ ಹೆಸರು ದೀರ್ಘನಿದ್ರಾ ಚಿಕಿತ್ಸಾ ಕೇಂದ್ರ. ಅಷ್ಟುದ್ದ ಹೆಸರು ಹೇಳುವ ತಾಳ್ಮೆ ಯಾರಿಗಿದೆ? ಊರವರು ನಿದ್ದಿಮನಿ ಅನ್ನುತ್ತಿದ್ದರು.

ನೀಲಾಂಬಿಕಾ ಅಲ್ಲಿ ಪ್ರೋಗ್ರಾಮು ಬರೆಯುವ ಕೆಲಸದಲ್ಲಿದ್ದಳು. ಅವಳ ಗಂಡ ಕೂಡ್ಲೆಪ್ಪ ಅಲ್ಲೇ, ಮೊದಲ ಸಾಲಿನಲ್ಲಿ, ಏಳು ವರ್ಷದಿಂದ ಮಲಗಿದ್ದ. ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದವನು. ನಿದ್ದಿಮನಿ ಶುರುವಾದಾಗ ಹೆಸರು ಬರೆಸಲು ಜನ ಹೆದರುತ್ತಿದ್ದರು. ಇವನು ಮುಂದೆ ಬಿದ್ದು ಬರೆಸಿದ. ಮುಂದೆ ಬಿದ್ದವರಿಗೆ ಸಿಕ್ಕಿದ್ದು ಅತಿ ಹಳೆಯ ಯಂತ್ರ. ಅದನ್ನು ಮಾಡಿದ ಕಂಪನಿ ಆಮೇಲೆ ಬಾಗಿಲು ಹಾಕಿಕೊಂಡು ಹೋಯಿತು.

ಮಲಗಿದ ಒಬ್ಬೊಬ್ಬರಿಗೂ ಕಂಪ್ಯೂಟರಿನಲ್ಲಿ ಒಂದೊಂದು ಫೈಲು. ಮೈ ಎಷ್ಟು ತಣ್ಣಗಿರಬೇಕು, ಎದೆ ಎಷ್ಟು ಸಲ ಬಡಿಯಬೇಕು, ಉಸಿರು ಎಷ್ಟು ಬೇಕು, ಎಲ್ಲ ಅದರಲ್ಲಿ. ಫೈಲಿನಲ್ಲಿ ಬರೆದದ್ದನ್ನು ಯಂತ್ರ ಮೈಗೆ ಮುಟ್ಟಿಸುತ್ತದೆ. ಆದ್ದರಿಂದ ಒಂದು ಫೈಲಿನ ಮೇಲೆ ಒಂದು ಹೊತ್ತಿಗೆ ಒಂದೇ ಕೈ ಇರಬೇಕು. ಒಬ್ಬ ಬಿಸಿ ಮಾಡು ಎಂದು ಬರೆಯುವಾಗಲೇ ಇನ್ನೊಬ್ಬ ತಣಿಸು ಎಂದು ಬರೆದರೆ, ಯಾರ ಮಾತು ಕೇಳಬೇಕೆಂದು ತಿಳಿಯದೆ ಎದೆ ನಿಂತುಬಿಡುತ್ತದೆ. ಅದಕ್ಕೇ ಫೈಲಿಗೆ ಬೀಗ.

ಬೀಗ ಅಂದೊಡನೆ ಕಬ್ಬಿಣದ್ದು ಎಂದುಕೊಳ್ಳಬೇಡಿ. ಹುನಗುಂದದ ಬಸ್ಸು ಬಂದಾಗ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಅಂಥದ್ದು. ಟವೆಲ್ಲು ಯಾರನ್ನೂ ಕಟ್ಟಿಹಾಕುವುದಿಲ್ಲ. ನೋಡಿದವರು ಮರ್ಯಾದೆಯಿಂದ ಬೇರೆ ಕಡೆ ಹೋಗುತ್ತಾರೆ, ಅಷ್ಟೆ. ನಿದ್ದಿಮನೆಯ ಕಂಟ್ರೋಲ್ ರೂಮಿನಲ್ಲಿ ಸಾಲಾಗಿ ಮೇಜುಗಳು, ಪ್ರತಿ ಮೇಜಿನಲ್ಲೂ ಒಂದು ತಾಮ್ರದ ಫಲಕ. ಎಡ ಅಂಗೈಯನ್ನು ಫಲಕದ ಮೇಲಿಟ್ಟು ಫೈಲು ತೆರೆದರೆ ಬೀಗ ಬಿತ್ತು. ಅಂಗೈ ಎತ್ತಿದರೆ ಬೀಗ ಹೋಯಿತು. ಇಟ್ಟವರದೇ ಅಂಗೈ ಇರಬೇಕು. ನಡುವೆ ಇನ್ನೊಬ್ಬರ ಕೈ ತುರುಕುವಂತಿಲ್ಲ.

ಈ ಮರ್ಯಾದೆಯನ್ನು ಮನುಷ್ಯರಷ್ಟೇ ಅಲ್ಲ, ಗಸ್ತು ಕೂಡ ಪಾಲಿಸುತ್ತಿತ್ತು. ಗಸ್ತು ಅನ್ನುವುದು ಒಂದು ಪ್ರೋಗ್ರಾಮು. ಹಗಲೂ ಇರುಳೂ ಸಾಲುಗಳಲ್ಲಿ ಸುತ್ತುತ್ತ, ಯಾರ ಮೈಯಾದರೂ ಬೆಚ್ಚಗಾಗಿದ್ದರೆ, ಆ ಫೈಲಿನ ಮೇಲೆ ಯಾರ ಬೀಗವೂ ಇಲ್ಲದಿದ್ದರೆ, ತಣಿಸಿ ಮುಂದೆ ಹೋಗುತ್ತಿತ್ತು. ಬೀಗವಿದ್ದರೆ ಅದನ್ನು ತೆಗೆಯುವವರೆಗೆ ಅಲ್ಲೇ ಕಾಯುತ್ತಿತ್ತು. ಗಸ್ತನ್ನು ನಿಲ್ಲಿಸುವ ಹಾಗಿರಲಿಲ್ಲ. ನಿಲ್ಲಿಸಿದರೆ ಉಳಿದವರನ್ನು ಕಾಯುವವರು ಯಾರು?

ನೀಲಾಂಬಿಕಾಳ ಪಾಲಿಗೆ ಬಂದ ಕೆಲಸ ಕೇಳಲು ಸಣ್ಣದು. ಫೈಲನ್ನು ಮುಟ್ಟುವ ಮೊದಲು ಅದರ ಮೇಲೆ ಬೇರೆಯವರ ಕೈ ಇದೆಯೇ ಎಂದು ಕೇಳಲು ಮೂರೂ ಸಾಲಿಗೆ ಒಂದೇ ಗುಂಡಿ ಬೇಕಾಗಿತ್ತು. ಹೊಸ ಸಾಲಿನ ಆಪರೇಟಿಂಗ್ ಸಿಸ್ಟಮ್ಮು ಬುದ್ಧಿವಂತ. ಕೇಳಿದರೆ ಇಂಥ ಮೇಜಿನವರ ಕೈ ಇದೆ ಎಂದು ಹೇಳುತ್ತಿತ್ತು. ನಡುವಿನ ಸಾಲು ಹೆಸರು ಹೇಳದಿದ್ದರೂ ಇದೆ, ಇಲ್ಲ ಎಂದಾದರೂ ಹೇಳುತ್ತಿತ್ತು. ಮೊದಲ ಸಾಲಿನ ಮುದಿ ಸಿಸ್ಟಮ್ಮಿಗೆ ಮಾತ್ರ ಪ್ರಶ್ನೆ ಎಂಬುದೇ ಗೊತ್ತಿರಲಿಲ್ಲ. ಬೀಗ ಹಾಕು ಅಂದರೆ ಹಾಕುತ್ತದೆ, ತೆಗೆ ಅಂದರೆ ತೆಗೆಯುತ್ತದೆ. ಅದರ ವಿದ್ಯೆ ಅಲ್ಲಿಗೆ ಮುಗಿಯಿತು.

ಅವಳು ತಲೆ ಕೆಡಿಸಿಕೊಂಡು ಒಂದು ಉಪಾಯ ಮಾಡಿದಳು. ಕೇಳಲು ಬರದಿದ್ದರೇನು, ಹಾಕಿ ನೋಡೋಣ. ಹಾಕು ಅಂದಾಗ ಬೀಗ ಬೀಳಲಿಲ್ಲವೆಂದರೆ ಬೇರೆಯವರದ್ದು ಇದೆ ಎಂದರ್ಥ. ಬಿತ್ತೆಂದರೆ ಯಾರೂ ಇಲ್ಲ. ತಕ್ಷಣ ತೆಗೆದು, ಅಡ್ಡಿಯಿಲ್ಲ ಎಂದು ಪರದೆಯ ಮೇಲೆ ತೋರಿಸಿದರಾಯಿತು. ಗುಂಡಿಗೆ 'ಯಾರು?' ಎಂದು ಹೆಸರಿಟ್ಟಳು. ಮೂರೂ ಸಾಲಿನಲ್ಲಿ ಓಡಿಸಿ ನೋಡಿದಳು, ಸರಿಯಾಗಿತ್ತು. ಮೇಜಿನವರನ್ನೆಲ್ಲ ಕೂರಿಸಿ, ಒಬ್ಬರನ್ನು ನಿದ್ದೆಯಿಂದ ಹಂತಹಂತವಾಗಿ ಮೇಲೆ ತರುವಾಗ ಪ್ರತಿ ಮೆಟ್ಟಿಲಿಗೂ ಒಮ್ಮೆ ಕೇಳಿರಿ, ಕೇಳುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ ಎಂದು ಪಾಠ ಹೇಳಿದಳು. ಎಲ್ಲರೂ ತಲೆ ಆಡಿಸಿದರು.

ಕೆಲವು ತಿಂಗಳಾದ ಮೇಲೆ ಮೊದಲ ಸಾಲಿನ ದುರುಗಪ್ಪ ಸತ್ತ. ವರ್ಷಕ್ಕೊಮ್ಮೆ ಒಬ್ಬೊಬ್ಬರನ್ನೂ ತೇಲುನಿದ್ದೆಗೆ, ಅಂದರೆ ಅರೆ ಎಚ್ಚರಕ್ಕೆ, ತಂದು ಮನೆಯವರ ದನಿ ಕೇಳಿಸುವ ರೂಢಿ ಇತ್ತು. ಅದಕ್ಕೆಂದು ಅವನನ್ನು ಮೇಲೆ ತರುತ್ತಿದ್ದಾಗ ನಡುದಾರಿಯಲ್ಲೇ ಎದೆ ನಿಂತಿತು. ತರುತ್ತಿದ್ದವಳು ಶಕುಂತಲಾ. ಕಂಟ್ರೋಲ್ ರೂಮಿನಲ್ಲಿ ಅವಳಷ್ಟು ಜಾಗರೂಕಳು ಇನ್ನೊಬ್ಬಳಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕೆಲಸ ಮಾಡುವವಳು.

"ಪ್ರತೀ ಮೆಟ್ಟಲಕ್ಕೂ ಕೇಳೀನ್ರಿ ಅಕ್ಕಾರ," ಎಂದು ಅವಳು ನೀಲಾಂಬಿಕಾಳ ಮುಂದೆ ಅತ್ತಳು. "ಒಮ್ಮೆ ಅಲ್ಲ, ಎರಡೆರಡು ಸಲ ಕೇಳೀನಿ. ಪ್ರತೀ ಸಲಾನೂ ಅಡ್ಡಿಯಿಲ್ಲ ಅಂತನ ಬಂತು. ಮತ್ತ ಹೆಂಗಾತ್ರಿ ಇದು?"

ಹಳೆಯ ಸಾಲಿನ ಯಂತ್ರಗಳಿಗೆ ತಾವು ಮಾಡಿದ್ದನ್ನು ನೆನಪಿಟ್ಟುಕೊಳ್ಳುವ ಅಭ್ಯಾಸವಿರಲಿಲ್ಲ. ವೈದ್ಯಾಧಿಕಾರಿ ರೆಹಾನಾ ಮುಲ್ಲಾ ಎಲ್ಲವನ್ನೂ ತಿರುವಿ ನೋಡಿ, ಯಂತ್ರ ಮುದಿಯಾಗಿದೆ ಎಂದು ತೀರ್ಮಾನಿಸಿದರು. ಮುದಿ ಯಂತ್ರದ ಮೇಲೆ ತಪ್ಪು ಹೊರಿಸಿದರೆ ಅದು ತಿರುಗಿ ಮಾತಾಡುವುದಿಲ್ಲ. ಮೊದಲ ಸಾಲಿನವರನ್ನೆಲ್ಲ ಹೊಸ ಪೆಟ್ಟಿಗೆಗಳಿಗೆ ಸಾಗಿಸುವುದೆಂದು ಆಜ್ಞೆಯಾಯಿತು.

ಆದರೆ ಜೀವಂತ ಮನುಷ್ಯನನ್ನು ಸಾಮಾನಿನ ಹಾಗೆ ಎತ್ತಿಡುವಂತಿಲ್ಲ, ಅವನ ಒಪ್ಪಿಗೆ ಬೇಕು. ಒಬ್ಬೊಬ್ಬರನ್ನೇ ತೇಲುನಿದ್ದೆಗೆ ತಂದು, ಮನೆಯವರೊಬ್ಬರು ಪಕ್ಕದಲ್ಲಿ ಕೂತು ಕೈ ಹಿಡಿದು ಒಂದು ಪ್ರಶ್ನೆ ಕೇಳಬೇಕು. ಮೈಕಿನ ದನಿಗೆ ಅವರು ಓಗೊಡುವುದಿಲ್ಲ. ಒಪ್ಪಿಗೆಯಾದರೆ ಬೆರಳು ಎತ್ತುತ್ತಾರೆ, ಬೆರಳಿನ ತಂತಿ ಅದನ್ನು ಮೇಜಿಗೆ ತಿಳಿಸುತ್ತದೆ. ಒಂದೇ ಪ್ರಶ್ನೆಗೆ ಮಾತ್ರ ಅವರಲ್ಲಿ ಶಕ್ತಿ. ಹೊಸ ಪೆಟ್ಟಿಗೆಗೆ ಹೋಗುತ್ತೀಯಾ ಎಂದು ಕೇಳಿಸಿಕೊಂಡವರು ಅದಕ್ಕೆ ಬೆರಳು ಎತ್ತಿದ್ದರು. ಮನೆಗೆ ಬರುತ್ತೀಯಾ ಎಂದು ಕೇಳಿಸಿಕೊಂಡ ಇಬ್ಬರು ಅದಕ್ಕೂ ಎತ್ತಿದ್ದರು. ಅವರನ್ನು ಹಾಗೆಯೇ ಪೂರ್ತಿ ಎಚ್ಚರಿಸಿ ಮನೆಗೆ ಕಳಿಸಿದರು. ಅರೆನಿದ್ದೆಯ ಮನುಷ್ಯ ಮದುವೆ ಮಾತುಕತೆಗೆ ಕೂತ ಹಿರಿಯನ ಹಾಗೆ, ಮೊದಲು ಕೇಳಿದ್ದಕ್ಕೆ ಹೂಂ ಅಂದುಬಿಡುತ್ತಾನೆ ಎಂದು ನಿದ್ದಿಮನೆಯವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಉತ್ತರವೇ ಬರದಿದ್ದರೆ ಹೊಸ ಪೆಟ್ಟಿಗೆಗೆ ಸಾಗಿಸುವುದು ಎಂದು ನಿಯಮದಲ್ಲಿ ಬರೆದಿತ್ತು.

ಕೇಳುವ ಹಕ್ಕು ಮೊದಲು ಹೆಂಡತಿಯದು. ಅವಳಿಲ್ಲದಿದ್ದರೆ ತಾಯಿಯದು. ಈಗ ಕೂಡ್ಲೆಪ್ಪನ ಸರದಿ ಬಂದಿತ್ತು.

ಮನೆಯಲ್ಲಿ ಈ ಮಾತು ಎಷ್ಟೋ ದಿನದಿಂದ ಹೊಗೆಯಾಡುತ್ತಿತ್ತು. ಅತ್ತೆ ಕಾಶವ್ವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಸೆರಗಿನ ರೇಷ್ಮೆ ಎಳೆಗಳನ್ನು ಸೀರೆಯ ಮೈಯ ಹತ್ತಿ ಎಳೆಗಳಿಗೆ ಒಂದೊಂದೇ ಕುಣಿಕೆ ಹಾಕಿ ಕೂಡಿಸುತ್ತಿದ್ದಳು. ಆ ಕೆಲಸ ಮಾಡುವಾಗ ಅವಳು ತಲೆ ಎತ್ತುತ್ತಿರಲಿಲ್ಲ, ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

"ನಾಳೆ ನೀ ಅವಂಗ ಏನಂತ ಕೇಳಾಕಿ?"

"ಹೊಸಾ ಪೆಟ್ಟಿಗಿಗೆ ಹೋಗ್ತೀರೇನು ಅಂತ ಕೇಳ್ತೀನ್ರಿ ಅತ್ತಿ."

"ಅದಕ್ಕ ಹೂಂ ಅಂತಾನ."

"ಹೂಂ ಅನ್ಲಿ ಅಂತನ ಕೇಳೋದು."

ಕಾಶವ್ವ ಇನ್ನೊಂದು ಎಳೆ ಹುಡುಕಿ ಹಿಡಿದಳು. "ಏಳು ವರ್ಷಾತು ನೀಲವ್ವ. ನನಗೇನು ಇನ್ನ ಏಳು ವರ್ಷ ಅದಾವೇನು? ಅವಂಗ ಒಂದ್ ತುತ್ತು ಉಣಿಸಿ, ಅವ ಉಂಡಿದ್ದು ನೋಡಿ ಸಾಯಬೇಕು ಅನಸ್ತೈತಿ ನನಗ. ಇದೇನು ಅಷ್ಟು ದೊಡ್ಡ ಆಸೇನ?"

"ಎಬ್ಬಿಸಿ ಕರಕೊಂಡು ಬಂದರ ಎಷ್ಟ ದಿನಾ ಉಳಿದಾರ್ರಿ? ಒಂದ್ ಮಳಿಗಾಲ ದಾಟಂಗಿಲ್ಲ ಅಂದಾರ ಡಾಕ್ಟರು. ಅಲ್ಲಿದ್ದರ ಮದ್ದು ಬರೂತನಾ ಇರ್ತಾರ."

"ಬರೂತನಾ," ಅಂದಳು ಕಾಶವ್ವ. "ನೀ ಅವನ್ನ ಕಾಯಾಕತ್ತೀಯೋ, ಮದ್ದು ಕಾಯಾಕತ್ತೀಯೋ? ಅವನ ದನಿ ಹೆಂಗಿತ್ತು ಅಂತ ಹೇಳು ನೋಡೂಣ."

ನೀಲಾಂಬಿಕಾಳಿಗೆ ಸಿಟ್ಟು ಬಂತು. ಅತ್ತೆ ತಪ್ಪು ಹೇಳಿದಳೆಂದಲ್ಲ. ಗಂಡನ ದನಿಯನ್ನು ನೆನೆಸಿಕೊಳ್ಳಲು ಹೋದರೆ ಅದು ಸಿಗಲಿಲ್ಲ. ಅವನ ನಗು, ಕೆದರಿದ ಕೂದಲು, ಅಂಗಿಯ ಮೇಲಿನ ಕೆಂಪು ದೂಳು ಎಲ್ಲ ಬಂತು, ದನಿ ಬರಲಿಲ್ಲ. ಅವಳು ಎದ್ದು ಹೋಗಿ ಜೋಳದ ಹಿಟ್ಟು ನಾದತೊಡಗಿದಳು. ಅವನು ಬದುಕಿರಬೇಕು, ಅಷ್ಟೆ. ಯಾರು ಏನೇ ಅಂದುಕೊಳ್ಳಲಿ, ಅವಳಿಗೆ ಬೇಕಾದದ್ದು ಅದೊಂದೇ.

ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಕಾಶವ್ವ ಹೊಸ ಸೀರೆ ಉಟ್ಟಿದ್ದಳು. ಅವಳನ್ನು ಕೆಳಗೆ ಪೆಟ್ಟಿಗೆಯ ಹತ್ತಿರ ಡಾಕ್ಟರ ಬಳಿ ಬಿಟ್ಟು ನೀಲಾಂಬಿಕಾ ಕಂಟ್ರೋಲ್ ರೂಮಿಗೆ ಬಂದಳು. ಮೇಲೆ ತರುವುದಕ್ಕೆ ಒಪ್ಪೊತ್ತು ಬೇಕು. ತೇಲುನಿದ್ದೆಯ ಮೆಟ್ಟಿಲು ಬಂದಾಗ ಡಾಕ್ಟರು ಕರೆಯುತ್ತಾರೆ, ಆಗ ಇಳಿದು ಹೋಗಿ ಕೈ ಹಿಡಿದು ಕೇಳಿದರಾಯಿತು. ಮೇಜಿನಲ್ಲಿ ಶಕುಂತಲಾ ಕೂತಿದ್ದಳು. ಅವಳೇ ಇರಲಿ ಎಂದು ನೀಲಾಂಬಿಕಾಳೇ ಕೇಳಿಕೊಂಡಿದ್ದಳು.

ಚಹಾ ಬಂತು. ಆಚೆ ಮೇಜಿನ ಈರಯ್ಯ ಲೋಟ ಹಿಡಿದು ಬಂದು ನಿಂತ. ಈರಯ್ಯನ ಹೆಸರೆತ್ತಿದರೆ ರೆಹಾನಾ ಡಾಕ್ಟರು ಹಣೆ ಚಚ್ಚಿಕೊಳ್ಳುತ್ತಿದ್ದರು. ತಡವಾಗಿ ಬರುವವನು, ನಿಯಮಗಳನ್ನು ಗಾಳಿಗೆ ತೂರುವವನು. ಆದರೂ ಮೊದಲ ಸಾಲಿನಲ್ಲಿ ಅತಿ ಹೆಚ್ಚು ಜನರನ್ನು ಮೇಲೆ ತಂದವನು ಅವನೇ, ಒಬ್ಬರಿಗೂ ಕೂದಲು ಕೊಂಕಿರಲಿಲ್ಲ.

"ಶಕುಂತಲಾಬಾಯಾರು ನಿಮ್ಮ ಗುಂಡಿ ಒತ್ತಿ ಒತ್ತಿ ಅದರ ಮ್ಯಾಲಿನ ಅಕ್ಷರಾನ ಅಳಿಸ್ಯಾರ ನೋಡ್ರಿ," ಅಂದ ಅವನು ನಗುತ್ತ.

"ನೀವೂ ಒತ್ತಬೇಕು ಈರಯ್ಯಾರ. ನಿಯಮ ಐತಿ."

"ನಾ ಒಮ್ಮೆನೂ ಒತ್ತಿಲ್ರಿ. ಸುಳ್ಳ್ಯಾಕ ಹೇಳ್ಲಿ? ನಾ ಕುಂತೀನಂದ್ರ ಕುಂತೆ, ಕೈ ಇಟ್ಟೀನಂದ್ರ ಇಟ್ಟೆ. ನನ್ನ ಸೀಟಿನಾಗ ಯಾರ ಕುಂತಾರ ಅಂತ ನಾನ ಕೇಳೂದಂದ್ರ ಏನ್ರಿ ಅದು?"

ನೀಲಾಂಬಿಕಾ ನಗಲು ಹೋದಳು, ನಗು ಬರಲಿಲ್ಲ. ಕೇಳದವನ ಕೈಯಲ್ಲಿ ಎಲ್ಲರೂ ಉಳಿದಿದ್ದಾರೆ. ಎಲ್ಲರಿಗಿಂತ ಹೆಚ್ಚು ಕೇಳಿದವಳ ಕೈಯಲ್ಲಿ ಒಬ್ಬ ಸತ್ತಿದ್ದಾನೆ. ನನ್ನ ಸೀಟಿನಲ್ಲಿ ಯಾರು ಎಂದು ನಾನೇ ಕೇಳಿದರೆ ಏನಾಗುತ್ತದೆ? ಅವಳು ಚಹಾದ ಲೋಟ ಕೆಳಗಿಟ್ಟಳು. 'ಯಾರು?' ಒತ್ತಿದಾಗ ಪ್ರೋಗ್ರಾಮು ಬೀಗ ಹಾಕಿ ನೋಡುತ್ತದೆ. ಮೊದಲೇ ತನ್ನದೇ ಬೀಗವಿದ್ದರೆ, ತನ್ನ ಬೀಗ ತನಗೆ ಅಡ್ಡಿಯಲ್ಲ. ಇನ್ನೊಮ್ಮೆ ಹಾಕಿದರೆ ಮುದಿ ಸಿಸ್ಟಮ್ಮು ಹೂಂ ಅನ್ನುತ್ತದೆ. ಆಮೇಲೆ ಪ್ರೋಗ್ರಾಮು, ತಾನು ಹಾಕಿದ್ದೆಂದು ತಿಳಿದು, ತೆಗೆಯುತ್ತದೆ. ಮುದಿ ಸಿಸ್ಟಮ್ಮಿಗೆ ಬೀಗ ಎಣಿಸಲು ಬರುವುದಿಲ್ಲ. ಮೊದಲಿನದು, ಈಗಿನದು ಎಂಬ ಭೇದವಿಲ್ಲ. ಇದ್ದದ್ದೂ ಹೋಯಿತು. ಪರದೆಯ ಮೇಲೆ ಮಾತ್ರ ಅಡ್ಡಿಯಿಲ್ಲ ಎಂದು ಬರುತ್ತದೆ, ಕೂತವರು ನೆಮ್ಮದಿಯಿಂದ ಮುಂದುವರಿಯುತ್ತಾರೆ.

ಟವೆಲ್ ಹಾಕಿ ಸೀಟು ಹಿಡಿದವನೇ, ಸೀಟು ಖಾಲಿ ಇದೆಯೋ ನೋಡೋಣ ಎಂದು ಒಮ್ಮೆ ಕೂತು ಎದ್ದು, ಏಳುವಾಗ ಟವೆಲ್ಲನ್ನೂ ಎತ್ತಿಕೊಂಡು ಹೋದ ಹಾಗೆ.

ಬಹಳ ಸಲ ಇದರಿಂದ ಏನೂ ಆಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಗಸ್ತು ಬೇರೆಲ್ಲೋ ಸುತ್ತುತ್ತಿರುತ್ತದೆ. ದುರುಗಪ್ಪನ ದಿನ ಅದು ಅಲ್ಲಿಗೇ ಬಂದಿರಬೇಕು.

"ಈರಯ್ಯಾರ, ಇಲ್ಲಿ ಬರ್ರಿ." ಅವಳು ದುರುಗಪ್ಪನ ಖಾಲಿ ಪೆಟ್ಟಿಗೆಯ ಫೈಲು ತೆರೆದು ಅಂಗೈ ಇಟ್ಟಳು. ಬೀಗ ಬಿತ್ತು. 'ಯಾರು?' ಒತ್ತಿದಳು. ಅಡ್ಡಿಯಿಲ್ಲ. ಅಂಗೈ ಎತ್ತಲಿಲ್ಲ. "ಈಗ ನೀವು ಪಕ್ಕದ ಮೇಜಿನಿಂದ ಇದನ್ನ ಹಿಡೀರಿ. ಸಿಗಬಾರದು ನಿಮಗ."

ಈರಯ್ಯ ಕೂತು ಅಂಗೈ ಇಟ್ಟ. "ಸಿಕ್ತಲ್ರಿ," ಅಂದ.

ದುರುಗಪ್ಪನನ್ನು ಕೊಂದದ್ದು ಮುದಿ ಯಂತ್ರವಲ್ಲ, ಶಕುಂತಲಾಳ ಕೈಯಲ್ಲ. ತಾನು ಬರೆದ ಗುಂಡಿ. ಆ ಯೋಚನೆ ಪೂರ್ತಿಯಾಗುವ ಮೊದಲೇ ಇನ್ನೊಂದು ಬಂತು. ಕೂಡ್ಲೆಪ್ಪ ಈಗ ನಡುದಾರಿಯಲ್ಲಿದ್ದಾನೆ. ಶಕುಂತಲಾ ಪ್ರತಿ ಮೆಟ್ಟಿಲಿಗೂ ಕೇಳುತ್ತಿದ್ದಾಳೆ.

"ಶಕುಂತಲಾ, ಗುಂಡಿ ಮುಟ್ಟಬ್ಯಾಡ!"

ಶಕುಂತಲಾ ಬೆಚ್ಚಿ ತಿರುಗಿದಳು. "ಯಾಕ್ರಿ ಅಕ್ಕಾರ? ಈಗಷ್ಟ ಕೇಳಿದೆ. ಅಡ್ಡಿಯಿಲ್ಲ ಅಂತ ಬಂತು."

ಬೀಗ ಹೋಗಿದೆಯೇ? ಹೋಗಿರಲೇಬೇಕು. ಆದರೆ ಕೇಳಿದ ಮೇಲೆ ಶಕುಂತಲಾ ಮೆಟ್ಟಿಲು ಬದಲಿಸಿ ಫೈಲನ್ನು ಹೊಸದಾಗಿ ಹಿಡಿದಿರಲೂಬಹುದು. ಗಸ್ತು ಆಗಲೇ ಒಳಗೆ ಬಂದಿರಲೂಬಹುದು. ಖಚಿತ ಮಾಡಿಕೊಳ್ಳಲು ಇರುವುದು ಒಂದೇ ದಾರಿ, ಕೇಳುವುದು. ಶಕುಂತಲಾಳ ಮೇಜಿನಿಂದ ಕೇಳಿದರೆ, ಇದ್ದ ಬೀಗವೂ ಕಳಚಿಹೋಗುತ್ತದೆ.

ಕೇಳದೆ ತಿಳಿಯುವುದು ಹೇಗೆ? ಬೇರೆ ಮೇಜಿನಿಂದ ಹಾಕಿ ನೋಡಬೇಕು, ಆದರೆ ಹಾಕಿದ್ದನ್ನು ತೆಗೆಯಬಾರದು. ಬೀಗ ಬೀಳದಿದ್ದರೆ ಯಾರೋ ಹಿಡಿದಿದ್ದಾರೆ. ಬಿದ್ದರೆ ಯಾರೂ ಇರಲಿಲ್ಲ, ಇನ್ನು ಮೇಲೆ ತಾನೇ ಇರಬೇಕು. ಈ ಮುದಿ ಯಂತ್ರಕ್ಕೆ ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳುವವರು ತಾವೇ ಒಳಗೆ ಉಳಿಯಲು ಸಿದ್ಧರಿರಬೇಕು. ಇದು ಅವಳಿಗೆ ಗುಂಡಿ ಬರೆದ ದಿನವೇ ಹೊಳೆಯಬೇಕಾಗಿತ್ತು.

ಅವಳು ಎದುರಿನ ಖಾಲಿ ಮೇಜಿಗೆ ಕೂತು ಕೂಡ್ಲೆಪ್ಪನ ಫೈಲು ತೆರೆದು ಅಂಗೈ ಇಟ್ಟಳು.

ಬೀಗ ಬಿತ್ತು.

ಅಂದರೆ ಅಷ್ಟು ಹೊತ್ತೂ ಅವನ ಮೇಲೆ ಯಾರ ಬೀಗವೂ ಇರಲಿಲ್ಲ. ಅವಳಿಗೆ ಅಳು ಒತ್ತಿ ಬಂತು, ಅಂಗೈ ಅಲುಗಿಸಲಿಲ್ಲ. "ನೀ ಇನ್ನ ಬರೀಬ್ಯಾಡ, ಕೈ ತಗೀ," ಎಂದು ಶಕುಂತಲಾಳಿಗೆ ಹೇಳಿದಳು. "ದುರುಗಪ್ಪಂದು ನಿನ್ನ ತಪ್ಪಲ್ಲ. ನಂದು. ಆಮೇಲೆ ಎಲ್ಲಾರ ಮುಂದ ಹೇಳ್ತೀನಿ." ಶಕುಂತಲಾ ಅಂಗೈ ಎತ್ತಿ, ಆ ಅಂಗೈಯನ್ನೇ ನೋಡುತ್ತ ಕೂತಳು.

ಕ್ಷಣ ಕಳೆದಿರಲಿಲ್ಲ, ಪರದೆಯ ಮೂಲೆಯಲ್ಲಿ ಗಸ್ತು ಕಾಣಿಸಿತು. ಮೈ ಬೆಚ್ಚಗಿದೆ, ಬೀಗವಿದೆ, ಕಾಯುತ್ತಿದ್ದೇನೆ ಎಂದಿತು. ಬಾಗಿಲಲ್ಲೇ ನಿಂತ ಅದು ಇನ್ನು ಕದಲುವುದಿಲ್ಲ. ನೀಲಾಂಬಿಕಾ ಅಂಗೈ ಎತ್ತಿದ ಕೂಡಲೇ ಒಳಗೆ ನುಗ್ಗುವುದು ಅದೇ; ಶಕುಂತಲಾಳ ಕೈ, ಈರಯ್ಯನ ಕೈ ಅದರ ಹಿಂದೆ. ಹಾಗಾಗಿ ಈ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡುವಂತಿಲ್ಲ. ಮೊದಲೇ ಈರಯ್ಯನನ್ನು ಕೂರಿಸಬಹುದಿತ್ತಲ್ಲ ಎಂದು ಆಮೇಲೆ ಯಾರು ಬೇಕಾದರೂ ಹೇಳಬಹುದು. ಗಂಡನ ಎದೆಬಡಿತ ಪರದೆಯ ಮೇಲೆ ಓಡುತ್ತಿರುವಾಗ ಅಷ್ಟು ಲೆಕ್ಕ ಹಾಕುವವರು ಯಾರಾದರೂ ಇದ್ದರೆ ಅವರಿಗೆ ನಮಸ್ಕಾರ.

ಅವಳು ಬಲಗೈಯಿಂದ ಉಳಿದ ಮೆಟ್ಟಿಲುಗಳನ್ನು ಬರೆಯುತ್ತ ಹೋದಳು. ಮೈ ಮೆಲ್ಲಗೆ ಬೆಚ್ಚಗಾಯಿತು. ಎದೆ ತಪ್ಪದೆ ಬಡಿಯಿತು. ತೇಲುನಿದ್ದೆಯ ಮೆಟ್ಟಿಲು ಬಂದಾಗ ಸ್ಪೀಕರಿನಲ್ಲಿ ಡಾಕ್ಟರ ದನಿ ಕೇಳಿತು.

"ನೀಲಾಂಬಿಕಾ, ಬರ್ರಿ ಕೆಳಗೆ. ಕೇಳೋ ಹೊತ್ತಾಯ್ತು."

ಅವಳು ಮೈಕಿನ ಕಡೆ ಬಾಗಿದಳು. "ನಾ ಬರಾಕ ಆಗಂಗಿಲ್ರಿ ಡಾಕ್ಟರ. ಕೈ ಎತ್ತೂ ಹಂಗಿಲ್ಲ. ಎತ್ತಿದರ ಗಸ್ತು ನುಗ್ಗಿ ಅವರನ್ನ ಮತ್ತ ತಣಸ್ತೈತಿ."

"ನಿಯಮದ ಪ್ರಕಾರ ಹಂಗಾದ್ರೆ ತಾಯಿ ಕೇಳ್ಬೇಕಾಗತ್ತೆ," ಅಂದರು ರೆಹಾನಾ. ಅವರಿಗೂ ಮನೆಯ ಸಂಗತಿ ಗೊತ್ತಿತ್ತು.

"ಕೇಳ್ಲಿ," ಅಂದಳು ನೀಲಾಂಬಿಕಾ.

ಪರದೆಯ ಒಂದು ಚೌಕದಲ್ಲಿ ಪೆಟ್ಟಿಗೆಯ ಪಕ್ಕದ ನೋಟ ಕಾಣುತ್ತಿತ್ತು. ಕಾಶವ್ವ ಸ್ಟೂಲಿನ ಮೇಲೆ ಕೂತು ಮಗನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಾಗಿಲ ಕಡೆ ತಿರುಗಿ ನೋಡಿದಳು, ಸೊಸೆ ಬರಬಹುದೆಂದು. ಬರುವುದಿಲ್ಲವೆಂದು ತಿಳಿದ ಮೇಲೂ ಇನ್ನೊಮ್ಮೆ ನೋಡಿದಳು. ಆಮೇಲೆ ಅವನ ಕಿವಿಯ ಹತ್ತಿರ ಬಾಗಿದಳು.

"ಕೂಡ್ಲೂ. ನಾನಪಾ, ಅವ್ವ. ಮನಿಗೆ ಹೋಗೂಣೇನು?"

ಬೆರಳು ಎದ್ದಿತು. ತಂತಿ ಅದನ್ನು ಮೇಜಿಗೆ ತಿಳಿಸಿತು. ಒಪ್ಪಿಗೆ ಎಂದು ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಇನ್ನು ಅವನನ್ನು ಪೂರ್ತಿ ಎಚ್ಚರಿಸಬೇಕು, ಈಗಲೇ. ತೇಲಿದವನನ್ನು ಮುಳುಗಿಸಿ, ಅದೇ ವರ್ಷ ಮತ್ತೆ ತೇಲಿಸಲು ಎದೆ ತಡೆಯುವುದಿಲ್ಲ.

ನೀಲಾಂಬಿಕಾಳ ಬಲಗೈ ಕೀಬೋರ್ಡಿನ ಮೇಲೆ ನಿಂತಿತು. ಕೈಯ ಪಕ್ಕದಲ್ಲೇ 'ಯಾರು?' ಗುಂಡಿ ಇತ್ತು.

ಅದನ್ನು ಒಮ್ಮೆ ಒತ್ತಿದರೆ ಸಾಕು. ಅಂಗೈ ಎತ್ತಬೇಕಾಗಿಲ್ಲ, ಏನೂ ಬರೆಯಬೇಕಾಗಿಲ್ಲ. ಬೀಗ ಕಳಚುತ್ತದೆ. ಬಾಗಿಲಲ್ಲಿ ನಿಂತ ಗಸ್ತು ಒಳಗೆ ಬಂದು ಕೂಡ್ಲೆಪ್ಪನನ್ನು ಮೆಲ್ಲಗೆ, ಕ್ಷೇಮವಾಗಿ ಮುಳುಗಿಸುತ್ತದೆ. ತಾನು ಬರೆಯದೆ ಕೂತರೆ ಫೈಲಿನ ಮೇಲೆ ಎರಡನೆಯ ಕೈ ಇಲ್ಲ. ಎಚ್ಚರಿಸುವುದು ನಡುವೆ ತಪ್ಪಿದರೆ ಉತ್ತರ ಸಿಕ್ಕಿಲ್ಲವೆಂದೇ ಲೆಕ್ಕ. ಅವನು ಹೊಸ ಪೆಟ್ಟಿಗೆಗೆ ಹೋಗುತ್ತಾನೆ, ಮದ್ದು ಬರುವವರೆಗೆ ಇರುತ್ತಾನೆ. ಮುದಿ ಯಂತ್ರ, ಏನು ಮಾಡೋದವ್ವ ಎಂದು ಜನ ಕಾಶವ್ವನಿಗೆ ಸಮಾಧಾನ ಹೇಳುತ್ತಾರೆ. ಗುಂಡಿಯ ಒಳಗುಟ್ಟು ಪೂರ್ತಿ ಬಲ್ಲವಳು ಇಡೀ ನಿದ್ದಿಮನೆಯಲ್ಲಿ ಅವಳೊಬ್ಬಳೇ. ಹೆಂಡತಿಯಾದವಳು ಗಂಡನ ಮೇಲೆ ಕೈ ಇದೆಯೇ ಎಂದು ಒಮ್ಮೆ ಕೇಳಿದರೆ ಯಾರು ತಪ್ಪೆನ್ನುತ್ತಾರೆ?

ಅವನು ಹೂಂ ಅಂದದ್ದು ಕೇಳಿದ್ದಕ್ಕಷ್ಟೇ, ಅವಳೇ ಕೇಳಿದ್ದರೆ ಇನ್ನೊಂದಕ್ಕೂ ಹೂಂ ಅನ್ನುತ್ತಿದ್ದ ಎಂದು ಅವಳ ಒಂದು ಮನಸ್ಸು ಹೇಳಿತು. ಇರಬಹುದು. ಹಾಗಿದ್ದರೆ ನೀನು ಕೇಳುವ ಪ್ರಶ್ನೆಯೂ ಪ್ರಶ್ನೆಯಾಗಿರಲಿಲ್ಲ ಎಂದು ಇನ್ನೊಂದು ಮನಸ್ಸು ಹೇಳಿತು. ಅವಳಿಗೆ ಅವನು ಬೇಕಾಗಿದ್ದ. ಎಷ್ಟು ಬೇಕಾಗಿದ್ದನೆಂದರೆ, ಏಳು ವರ್ಷದಲ್ಲಿ ಒಮ್ಮೆಯೂ ಅವನಿಗೆ ಏನು ಬೇಕು ಎಂದು ಅವಳು ಯೋಚಿಸಿರಲಿಲ್ಲ. ಕಾಶವ್ವ ಯೋಚಿಸಿದ್ದಳೋ ಇಲ್ಲವೋ. ಪರದೆಯಲ್ಲಿ ಅವಳು ಮಗನ ಬೆರಳನ್ನು, ಎದ್ದ ಆ ಒಂದು ಬೆರಳನ್ನು, ಕಣ್ಣಿಗೆ ಒತ್ತಿಕೊಂಡಿದ್ದಳು.

ನೀಲಾಂಬಿಕಾ ಗುಂಡಿಯನ್ನು ಮುಟ್ಟಲಿಲ್ಲ.

ಎಡ ಅಂಗೈಯನ್ನು ಫಲಕಕ್ಕೆ ಇನ್ನಷ್ಟು ಒತ್ತಿ, ಬಲಗೈಯಿಂದ ಮುಂದಿನ ಮೆಟ್ಟಿಲು ಬರೆದಳು. ಆಮೇಲೆ ಅದರ ಮುಂದಿನದು. ಮೈಯನ್ನು ಬಿಸಿ ಮಾಡಿದಳು, ಉಸಿರು ಹೆಚ್ಚಿಸಿದಳು, ಯಂತ್ರದ ಉಸಿರನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಅವನ ಉಸಿರಿಗೆ ಜಾಗ ಬಿಟ್ಟಳು. ಶಕುಂತಲಾ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತಳು. ಈರಯ್ಯ ಆರಿದ ಚಹಾ ಚೆಲ್ಲಿ ಹೊಸದನ್ನು ತಂದಿಟ್ಟ, ಯಾರೂ ಕುಡಿಯಲಿಲ್ಲ. ಪ್ರತಿ ಮೆಟ್ಟಿಲಿಗೂ ಅವಳ ಕಣ್ಣು ತುಂಬಿ ಅಂಕಿ ಮಸುಕಾಗುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅದಕ್ಕೂ ಶಕುಂತಲಾಳೇ ಸೆರಗಿನ ತುದಿ ಹಿಡಿದಳು. ಒಂದು ಮಳೆಗಾಲ, ಅಂದಿದ್ದರು ಡಾಕ್ಟರು. ಅಷ್ಟನ್ನೇ ಅವಳು ತನ್ನ ಕೈಯಾರೆ ಬರೆಯುತ್ತಿದ್ದಳು.

ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಸ್ಪೀಕರಿನಲ್ಲಿ ಬಂತು. ಡಾಕ್ಟರು ಏನೋ ಹೇಳಿದರು. ಆಮೇಲೆ ಒಂದು ದನಿ, ಒಣಗಿದ, ಗೊಗ್ಗರು ದನಿ, ಮಾತಲ್ಲ, ಮಾತಿಗೆ ಮೊದಲಿನದು. ಅದನ್ನು ಕೇಳಿದೊಡನೆ ಅವಳಿಗೆ ಗುರುತು ಸಿಕ್ಕಿತು. ಇನ್ನೂ ಎರಡು ಮೆಟ್ಟಿಲು ಬಾಕಿ ಇತ್ತು.

"ನೀಲವ್ವ," ಅಂದಳು ಕಾಶವ್ವ. ಮೈಕು ಎಲ್ಲಿದೆಯೆಂದು ತಿಳಿಯದೆ ಅವಳು ಛಾವಣಿ ನೋಡಿ ಮಾತಾಡುತ್ತಿದ್ದಳು. "ಕೇಳಸ್ತೈತೇನವ್ವ ನಿನಗ? ಕಣ್ಣ ಬಿಟ್ಟಾನ. ನೀ ಎಲ್ಲದಿ ಅಂತ ಕೇಳಾಕತ್ತಾನ."

ಪರದೆಯಲ್ಲಿ ಕೂಡ್ಲೆಪ್ಪನ ತಲೆ ದಿಂಬಿನ ಮೇಲೆ ಅತ್ತಿತ್ತ ತಿರುಗಿತು. ನೀಲಾಂಬಿಕಾ ಮೈಕಿಗೆ ಬಾಗಿದಳು.

"ಇಲ್ಲೇ ಅದಾಳ ಅನ್ರಿ ಅತ್ತಿ. ನಿನ್ನ ಫೈಲ್ ಹಿಡಕೊಂಡು ಕುಂತಾಳ, ಮುಗಿಸೇ ಬರ್ತಾಳ ಅನ್ರಿ."